ಕಣದಲ್ಲಿ ಬರುವ ಲೆಕ್ಕ ಪುಸ್ತಕದಲ್ಲಿ ಯಾಕೆ ಬರುವುದಿಲ್ಲ?

ಪ್ರಶ್ನೆ: ಮೇಡಂ, ನಮ್ಮದು ವಿರಾಜಪೇಟೆ ಹತ್ತಿರದ ಹಳ್ಳಿ. ಸ್ವಲ್ಪ ಕಾಫಿ ತೋಟ ಇದೆ. ಮನೆಯಲ್ಲಿ ಕೊಡವ ತಕ್ಕ್ ಮಾತಾಡುತ್ತೇವೆ. ಮಗಳು ಕನ್ನಡ ಮೀಡಿಯಂನಲ್ಲಿ ನಾಲ್ಕನೇ ಕ್ಲಾಸು. ಸಂಜೆ ಕಣದಲ್ಲಿ ಹಣ್ಣು ತೂಗುವಾಗ ಅಪ್ಪನ ಪಕ್ಕ ನಿಂತು ಬಾಯಲ್ಲೇ ಲೆಕ್ಕ ಹೇಳುತ್ತಾಳೆ. ಆದರೆ ಹೇಳಿಕೆ ಲೆಕ್ಕ ಬಂದರೆ ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಸುಮ್ನೆ ಕೂರುತ್ತಾಳೆ. ಆಮೇಲೆ ಅದರಲ್ಲಿರುವ ಸಂಖ್ಯೆಗಳನ್ನೆಲ್ಲ ಕೂಡಿ ಏನೋ ಒಂದು ಬರೆಯುತ್ತಾಳೆ. ತಪ್ಪು ಅಂದರೆ ಅಳು. ಅವಳ ಅಪ್ಪನಿಗೆ ಸಿಟ್ಟು ಬರುತ್ತದೆ. ನನಗೂ ಚಿಕ್ಕಂದಿನಿಂದ ಲೆಕ್ಕ ಅಂದರೆ ಭಯ. ಭಾವನಾತ್ಮಕ ಬುದ್ಧಿವಂತಿಕೆ ಬೆಳೆಸಿದರೆ ಗಣಿತ ತಾನಾಗಿಯೇ ಬರುತ್ತದೆ ಎಂದು ಒಂದು ಆನ್‌ಲೈನ್ ಕೋರ್ಸಿನವರು ಹೇಳುತ್ತಿದ್ದಾರೆ. ಸೇರಿಸಲಾ?

ಉತ್ತರ: ಕೋರ್ಸಿನ ದುಡ್ಡು ಸದ್ಯಕ್ಕೆ ನಿಮ್ಮ ಕೈಯಲ್ಲೇ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಕಣದ ಮಾತು.

48 ಕೆಜಿ ಒಬ್ಬರದ್ದು, 37 ಕೆಜಿ ಇನ್ನೊಬ್ಬರದ್ದು, ಒಟ್ಟು 85 ಎಂದು ನಿಂತಲ್ಲೇ ಹೇಳುವ ಮಗುವಿಗೆ ಲೆಕ್ಕ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಅವಳಿಗೆ ಬರುತ್ತದೆ. ಒಂದು ಜಾಗದಲ್ಲಿ ಬರುತ್ತದೆ, ಇನ್ನೊಂದು ಜಾಗದಲ್ಲಿ ಬರುತ್ತಿಲ್ಲ. ನಾವು ನೋಡಬೇಕಾದದ್ದು ಈ ಎರಡು ಜಾಗಗಳ ನಡುವೆ ಏನಾಗುತ್ತಿದೆ ಅನ್ನುವುದನ್ನು.

ಇದು ನಿಮ್ಮ ಮಗಳೊಬ್ಬಳದೇ ಕಥೆಯಲ್ಲ. ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಸಂತೆಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳ ಬಗ್ಗೆ ಮಾಡಿದ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಸಣ್ಣ ಅಧ್ಯಯನ, ಬರೀ ಐದು ಮಕ್ಕಳು. ಸಂಶೋಧಕರು ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದಾಗ ನೂರಕ್ಕೆ 98ರಷ್ಟು ಉತ್ತರ ಸರಿ ಇತ್ತು. ಅದೇ ಬಗೆಯ ಲೆಕ್ಕವನ್ನು ಪರೀಕ್ಷೆಯಂತೆ ಕೂರಿಸಿ ಕಥೆಯ ರೂಪದಲ್ಲಿ ಕೇಳಿದಾಗ 74 ಆಯಿತು. ಬರೀ ಅಂಕಿಗಳಾಗಿ ಕೊಟ್ಟಾಗ 37ಕ್ಕೆ ಇಳಿಯಿತು. ಮಕ್ಕಳು ಅವರೇ, ತಲೆಯೂ ಅದೇ.

ಇಲ್ಲಿ ಇನ್ನೊಂದನ್ನು ಗಮನಿಸಿ. ಆ ಮಕ್ಕಳಿಗೆ ಬರೀ ಅಂಕಿಗಿಂತ ಕಥೆಯಲ್ಲಿದ್ದ ಲೆಕ್ಕವೇ ಸುಲಭವಾಯಿತು. ಹಾಗಾದರೆ ನಿಮ್ಮ ಮಗಳು ಕಥೆ ಕಂಡೊಡನೆ ಯಾಕೆ ಹೆದರುತ್ತಾಳೆ? ನನ್ನ ಅನುಭವದಲ್ಲಿ, ಇಂಥ ಮಕ್ಕಳು ಆ ಕಥೆಯನ್ನು ಕಥೆಯಾಗಿ ಓದುವುದನ್ನೇ ಬಿಟ್ಟಿರುತ್ತಾರೆ. ಅವರ ಕಣ್ಣಿಗೆ ಸಂಖ್ಯೆಗಳು ಮಾತ್ರ ಕಾಣುತ್ತವೆ, ಉಳಿದದ್ದೆಲ್ಲ ಕಾಡು.

ಫ್ರಾನ್ಸಿನ ಗ್ರೆನೊಬಲ್‌ನಲ್ಲಿ ಸುಮಾರು 1980ರಲ್ಲಿ ಸಣ್ಣ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು. 'ಹಡಗಿನಲ್ಲಿ 26 ಕುರಿ, 10 ಆಡು ಇವೆ. ಕ್ಯಾಪ್ಟನ್‌ನ ವಯಸ್ಸೆಷ್ಟು?' 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನು ಹೇಗೋ ಸೇರಿಸಿ ಉತ್ತರ ಬರೆದರು. ಹೊರಗೆ ಆಟದ ಬಯಲಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಅವರೇ ನಕ್ಕುಬಿಡುತ್ತಿದ್ದರು. ಲೆಕ್ಕದ ಪುಸ್ತಕ ತೆರೆದ ಕೂಡಲೇ 'ಅರ್ಥ ಹುಡುಕಬೇಡ, ಬೇಗ ಉತ್ತರ ಕೊಡು' ಎನ್ನುವ ಪಾಠವನ್ನು ಅವರು ಎಲ್ಲೋ ಕಲಿತಿದ್ದರು. ನಿಮ್ಮ ಮಗಳು ಎಲ್ಲವನ್ನೂ ಕೂಡಿ ಬರೆಯುವುದೂ ಹೀಗೆಯೇ ಇರಬಹುದು. ಅದು ಸೋಮಾರಿತನ ಅಲ್ಲ. ಆ ಜಾಗದಿಂದ ಬೇಗ ಎದ್ದು ಹೋಗಲು ಅವಳು ಕಂಡುಕೊಂಡ ದಾರಿ.

ಭಯ ಲೆಕ್ಕಕ್ಕೆ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ತಲೆಯೊಳಗೆ ಒಂದು ಸಣ್ಣ ಸ್ಲೇಟು ಇದೆ ಅಂದುಕೊಳ್ಳಿ. ಓದಿದ ವಾಕ್ಯ, ಹಿಡಿದ ಸಂಖ್ಯೆ, ಕೈಯಲ್ಲಿ ಉಳಿದ ಒಂದು, ಇವನ್ನೆಲ್ಲ ನಾವು ಸ್ವಲ್ಪ ಹೊತ್ತು ಅದರ ಮೇಲೆ ಬರೆದಿಟ್ಟುಕೊಳ್ಳುತ್ತೇವೆ. ಜಾಗ ತುಂಬಾ ಕಡಿಮೆ. 'ನನಗೆ ಬರಲ್ಲ, ಅಪ್ಪ ಬೈಯುತ್ತಾರೆ, ಮಿಸ್ ನೋಡ್ತಿದ್ದಾರೆ' ಎಂಬ ಯೋಚನೆಯೂ ಅದೇ ಸ್ಲೇಟಿನ ಮೇಲೆ ಬರೆಯಲ್ಪಡುತ್ತದೆ. ಆಮೇಲೆ ಲೆಕ್ಕಕ್ಕೆ ಜಾಗ ಎಲ್ಲಿದೆ?

ಅಮೆರಿಕದ ಒಂದನೇ, ಎರಡನೇ ತರಗತಿಯ ಮಕ್ಕಳ ಬಗ್ಗೆ 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನನ್ನನ್ನು ಬಹಳ ತಟ್ಟಿದ ವಿಷಯವಿದೆ. ಲೆಕ್ಕದ ಭಯ ಜಾಸ್ತಿ ಹೊಡೆದದ್ದು ದೊಡ್ಡ ಸ್ಲೇಟು ಇದ್ದ ಮಕ್ಕಳನ್ನೇ. ಅವರು ತಲೆಯಲ್ಲೇ ದೊಡ್ಡ ದೊಡ್ಡ ಹೆಜ್ಜೆ ಇಟ್ಟು ಲೆಕ್ಕ ಮಾಡುವವರು. ಸ್ಲೇಟು ತುಂಬಿಹೋದಾಗ ಅವರ ಆ ದಾರಿಯೇ ಮುಚ್ಚಿಹೋಗುತ್ತದೆ. ಬಾಯಿಲೆಕ್ಕದಲ್ಲಿ ಚುರುಕಾಗಿರುವ ನಿಮ್ಮ ಮಗಳು ಕಾಗದದ ಮುಂದೆ ಹೀಗೆ ಕುಸಿಯುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನೊಂದು ಅಧ್ಯಯನ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು, 2012ರದ್ದು. 7ರಿಂದ 9 ವರ್ಷದ ಮಕ್ಕಳು ಕೂಡುವ, ಕಳೆಯುವ ಲೆಕ್ಕ ಮಾಡುವಾಗ ಅವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಲೆಕ್ಕದ ಭಯ ಇದ್ದವರಲ್ಲಿ ಅಮಿಗ್ಡಲಾ ಎಂಬ ಭಾಗ ಜಾಸ್ತಿ ಕೆಲಸ ಮಾಡುತ್ತಿತ್ತು. ಅಪಾಯ ಕಂಡಾಗ ಎಚ್ಚರವಾಗುವ ಭಾಗ ಅದು. ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟ ಅಲ್ಲ. ಬೆಳಿಗ್ಗೆ ತೋಟದ ದಾರಿಯಲ್ಲಿ ಆನೆ ಎದುರಾದರೆ ಆ ದಾರಿಯಲ್ಲಿ ಎಷ್ಟು ಸಿಲ್ವರ್ ಓಕ್ ಇವೆ ಎಂದು ಯಾರೂ ಎಣಿಸುವುದಿಲ್ಲ, ಓಡುತ್ತಾರೆ. ಹೇಳಿಕೆ ಲೆಕ್ಕದ ಮುಂದೆ ನಿಮ್ಮ ಮಗುವಿನ ಮೈ ಆ ಹೊತ್ತಿಗೆ ಹಾಗೆಯೇ ನಡೆದುಕೊಳ್ಳುತ್ತಿದೆ. ಅಂಥ ಹೊತ್ತಲ್ಲಿ 'ಇನ್ನೊಂದು ಸಲ ಸರಿಯಾಗಿ ಓದು' ಎಂದು ಗದರಿಸಿದರೆ ಅವಳಿಗೆ ಏನು ಕೇಳಿಸೀತು?

ಈಗ ಆ ಕೋರ್ಸಿನ ವಿಷಯ. ಭಾವನಾತ್ಮಕ ಬುದ್ಧಿವಂತಿಕೆ ಎಂಬ ಮಾತಿಗೆ ಪೀಟರ್ ಸಾಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ ಒಂದು ಸ್ಪಷ್ಟ ರೂಪ ಕೊಟ್ಟರು. ತನ್ನ ಮತ್ತು ಇತರರ ಭಾವನೆಯನ್ನು ಗುರುತಿಸುವುದು, ಅದು ಯಾಕೆ ಬಂತು ಎಂದು ತಿಳಿಯುವುದು, ಅದನ್ನು ಸಂಭಾಳಿಸುವುದು, ಯೋಚಿಸಲು ಅದನ್ನು ಬಳಸಿಕೊಳ್ಳುವುದು, ಇಷ್ಟನ್ನು ಅದು ಒಳಗೊಂಡಿದೆ. ಇದಕ್ಕೂ ಓದಿಗೂ ಸಂಬಂಧ ಇದೆಯಾ? ಇದೆ, ಆದರೆ ಸಾಧಾರಣ ಮಟ್ಟದ್ದು. 2020ರಲ್ಲಿ 150ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಇದು. ಬುದ್ಧಿಶಕ್ತಿಯೂ ಶಿಸ್ತಿನಿಂದ ಕೆಲಸ ಮಾಡುವ ಗುಣವೂ ಅಂಕಗಳಿಗೆ ಇದಕ್ಕಿಂತ ಹತ್ತಿರವಾಗಿದ್ದವು. ಹಾಗಾಗಿ 'ತಾನಾಗಿಯೇ ಬರುತ್ತದೆ' ಎಂಬ ಮಾತನ್ನು ನಾನು ಒಪ್ಪಲಾರೆ. ಮಗ್ಗಿ ಗೊತ್ತಿಲ್ಲದ ಮಗುವನ್ನು ಎಷ್ಟು ಸಮಾಧಾನ ಮಾಡಿದರೂ 7 ಎಂಟ್ಲೆ ಎಷ್ಟು ಎಂದು ಅದಕ್ಕೆ ಹೊಳೆಯುವುದಿಲ್ಲ.

ಹಾಗೆಂದು ಇದನ್ನು ತಳ್ಳಿಹಾಕಲೂ ಬಾರದು. ಶಾಲೆಯಲ್ಲೇ ಮಕ್ಕಳಿಗೆ ಭಾವನೆ, ಒಡನಾಟದ ಕೌಶಲ ಕಲಿಸುವ 213 ಕಾರ್ಯಕ್ರಮಗಳ ಫಲಿತಾಂಶಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದ್ದಾರೆ. ಅವುಗಳಲ್ಲಿ 2.7 ಲಕ್ಷ ಮಕ್ಕಳಿದ್ದರು. ಓದಿನಲ್ಲೂ ಒಳ್ಳೆಯ ಸುಧಾರಣೆ ಕಂಡಿತ್ತು. ಆದರೆ ಅವು ಶಾಲೆಯ ಒಳಗೆ, ದಿನದ ಪಾಠದ ಜೊತೆಗೆ ನಡೆದಂಥವು. ಮೊಬೈಲ್ ಪರದೆಯ ಮೇಲೆ ಅಪರಿಚಿತರೊಬ್ಬರು ಬಂದು 'ಸಿಟ್ಟನ್ನು ಹೇಗೆ ನಿಭಾಯಿಸಬೇಕು' ಎಂದು ಹೇಳಿಹೋಗುವುದು ಬೇರೆ ವಿಷಯ. ಲೆಕ್ಕದ ಮುಂದೆ ಬರುವ ಭಯವನ್ನು ಲೆಕ್ಕದ ಮುಂದೆಯೇ ಕೂತು ಪಳಗಿಸಬೇಕು. ಅದಕ್ಕೆ ನಿಮ್ಮ ಮನೆಯ ಊಟದ ಮೇಜು ಸಾಕು.

ಮೊದಲು ಭಾವನೆಗೆ ಹೆಸರು ಇಡುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮಾತಿನಲ್ಲೇ ಒಂದು ತೊಡಕಿದೆ. 'ಏನಾಯ್ತು ಮಗಾ?' ಎಂದು ಕೇಳಿದರೆ ನಮ್ಮ ಮಕ್ಕಳು 'ಬೇಜಾರು' ಅನ್ನುತ್ತಾರೆ. ಮಾಡಲು ಏನೂ ಇಲ್ಲದಿದ್ದರೂ ಬೇಜಾರು, ದುಃಖವಾದರೂ ಬೇಜಾರು, ಅವಮಾನವಾದರೂ ಬೇಜಾರು, ಸುಸ್ತಾದರೂ ಬೇಜಾರು. ಆ ಒಂದು ಪದದೊಳಗೆ ನಾಲ್ಕೈದು ಬೇರೆ ಬೇರೆ ವಿಷಯಗಳಿವೆ. ಒಂದೊಂದಕ್ಕೂ ಮದ್ದು ಬೇರೆ. ಗೊಂದಲವಾಗಿದ್ದರೆ ಮತ್ತೆ ಓದಬೇಕು. ಹೆದರಿಕೆಯಾಗಿದ್ದರೆ ಪಕ್ಕದಲ್ಲಿ ಯಾರಾದರೂ ಕೂರಬೇಕು. ನಾಚಿಕೆಯಾಗಿದ್ದರೆ ನೋಡುವವರು ಸ್ವಲ್ಪ ದೂರ ಹೋಗಬೇಕು. ಸುಸ್ತಾಗಿದ್ದರೆ ಪುಸ್ತಕ ಮುಚ್ಚಬೇಕು. ಎಲ್ಲವನ್ನೂ ಬೇಜಾರು ಅಂದುಬಿಟ್ಟರೆ ಏನು ಮಾಡಬೇಕು ಎಂದು ಮಗುವಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಅದಕ್ಕೆ ಅವಳನ್ನು ಹೀಗೆ ಕೇಳಿ: 'ಈಗ ಹೆದರಿಕೆನಾ, ಗೊಂದಲನಾ, ಸುಸ್ತಾ?' ಕೊಡವ ತಕ್ಕ್‌ನಲ್ಲೇ ಕೇಳಿ. ಭಾವನೆಗೆ ಮನೆಮಾತಿನಷ್ಟು ಹತ್ತಿರದ ಮಾತು ಇನ್ನೊಂದಿಲ್ಲ. ಅವಳು 'ಹೊಟ್ಟೆಯೊಳಗೆ ಏನೋ ಆಗ್ತಿದೆ' ಅಂದರೂ ಸಾಕು. 'ಸರಿ, ಅದು ಹೆದರಿಕೆ. ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತೆ. ಅಲ್ಲಿವರೆಗೆ ನಾವು ಲೆಕ್ಕ ಮಾಡೋದು ಬೇಡ, ಕಥೆ ಓದೋಣ' ಎನ್ನಿ. 'ಅಳಬೇಡ' ಎನ್ನಬೇಡಿ. 'ಇಷ್ಟು ಸುಲಭ, ಇದೂ ಗೊತ್ತಾಗಲ್ವಾ?' ಎಂಬ ಮಾತನ್ನಂತೂ ಮನೆಯಿಂದಲೇ ಓಡಿಸಿ. ಸುಲಭವಾದದ್ದೇ ತನಗೆ ಬರುವುದಿಲ್ಲ ಅಂದಮೇಲೆ ತಾನು ದಡ್ಡಿ ಎಂದು ಮಗು ಆ ಕ್ಷಣವೇ ತೀರ್ಮಾನ ಮಾಡಿಬಿಡುತ್ತದೆ.

ಆಮೇಲೆ ಓದುವುದು. ಜಾರ್ಜ್ ಪೋಲ್ಯ ಎಂಬ ಗಣಿತಜ್ಞರು 1945ರಲ್ಲಿ ಸಮಸ್ಯೆ ಬಿಡಿಸಲು ನಾಲ್ಕು ಹಂತ ಹೇಳಿದರು: ಅರ್ಥಮಾಡಿಕೊ, ಉಪಾಯ ಮಾಡು, ಮಾಡಿ ನೋಡು, ತಿರುಗಿ ನೋಡು. ನಿಮ್ಮ ಮಗಳು ಮೊದಲನೆಯದನ್ನು ಹಾರಿ ನೇರ ಮೂರನೆಯದಕ್ಕೆ ಹೋಗುತ್ತಿದ್ದಾಳೆ. ಆದ್ದರಿಂದ ಕೆಲವು ದಿನ ಲೆಕ್ಕ ಓದುವಾಗ ಕೈಗೆ ಪೆನ್ಸಿಲ್ ಕೊಡಬೇಡಿ. ಲೆಕ್ಕದಲ್ಲಿರುವ ಸಂಖ್ಯೆಗಳ ಮೇಲೆ ಬೆರಳಿಟ್ಟು ಮುಚ್ಚಿ. 'ಪೂಣಚ್ಚನ ಹತ್ತಿರ ಕೆಲವು ಚೀಲ ಕಾಫಿ ಇದೆ. ಅದು ಬೋಪಣ್ಣನ ಹತ್ತಿರ ಇರುವುದಕ್ಕಿಂತ ಸ್ವಲ್ಪ ಜಾಸ್ತಿ. ಬೋಪಣ್ಣನ ಹತ್ತಿರ ಎಷ್ಟಿದೆ?' ಇಷ್ಟನ್ನು ಓದಿ, ಯಾರ ಹತ್ತಿರ ಜಾಸ್ತಿ ಇದೆ ಎಂದು ಮಾತ್ರ ಕೇಳಿ. ಅದಾದ ಮೇಲೆ ಪೆನ್ಸಿಲ್ ಹಿಡಿದು ಎರಡು ರಾಶಿ ಚಿತ್ರ ಬಿಡಿಸಲಿ, ಒಂದು ದೊಡ್ಡದು, ಒಂದು ಚಿಕ್ಕದು. ಆಮೇಲೆ ಬೆರಳು ತೆಗೆಯಿರಿ. ಪೂಣಚ್ಚನದು 12 ಚೀಲ, 5 ಜಾಸ್ತಿ. ಚಿತ್ರ ಬಿಡಿಸಿದ ಮಗು 7 ಎನ್ನುತ್ತದೆ. ಚಿತ್ರ ಇಲ್ಲದ ಮಗು 'ಜಾಸ್ತಿ' ಎಂಬ ಪದ ಕಂಡೊಡನೆ ಕೂಡಿ 17 ಎನ್ನುತ್ತದೆ. ದೊಡ್ಡವರೂ ಇಲ್ಲಿ ಎಡವುತ್ತಾರೆ. 'ಜಾಸ್ತಿ ಅಂದರೆ ಕೂಡು, ಕಡಿಮೆ ಅಂದರೆ ಕಳೆ' ಎಂದು ಕಲಿಸುವುದು ಸುಲಭ ದಾರಿಯಂತೆ ಕಾಣುತ್ತದೆ, ಆದರೆ ಇಂಥ ಲೆಕ್ಕದಲ್ಲಿ ಅದೇ ದಾರಿ ತಪ್ಪಿಸುತ್ತದೆ. ದಯವಿಟ್ಟು ಹಾಗೆ ಹೇಳಿಕೊಡಬೇಡಿ.

ಭಾಷೆಯ ಮಾತೂ ಇಲ್ಲೇ ಬರುತ್ತದೆ. ಕೊಡಗಿನ ಒಂದು ಸಣ್ಣ ಶಾಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತುಳು, ತಮಿಳು ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈಗ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ. ಪುಸ್ತಕದ ಕನ್ನಡ ಇವರಲ್ಲಿ ತುಂಬ ಮಕ್ಕಳಿಗೆ ಎರಡನೆಯ ಭಾಷೆ. ನಾನು ಪಾಠ ಮಾಡುತ್ತಿದ್ದಾಗ ಒಂದು ಲೆಕ್ಕ ಕೊಟ್ಟಿದ್ದೆ: '6 ಜನ ತಲಾ 45 ಕೆಜಿಯಂತೆ ಹಣ್ಣು ಕೊಯ್ದರೆ ಒಟ್ಟು ಎಷ್ಟು?' ಹುಡುಗನೊಬ್ಬ ತುಂಬಾ ಹೊತ್ತು ಸುಮ್ಮನಿದ್ದ. ನಾನು ಅವನಿಗೆ ಗುಣಾಕಾರ ಬರುವುದಿಲ್ಲ ಅಂದುಕೊಂಡು ಮಗ್ಗಿ ಬರೆಯಲು ಹೇಳಿದೆ. ಬರೆದು ತಂದ, ಒಂದೂ ತಪ್ಪಿಲ್ಲ. ಕೊನೆಗೆ ಮೆಲ್ಲಗೆ ಕೇಳಿದ, 'ಮಿಸ್, ತಲಾ ಅಂದ್ರೆ ತಲೆನಾ?' ಅವನ ಊಹೆ ಸರಿಯೇ ಇತ್ತು, ತಲೆಗೆ ಇಷ್ಟು ಎಂದೇ ಅದರ ಅರ್ಥ. 'ಒಬ್ಬೊಬ್ಬರು 45 ಕೆಜಿ' ಎಂದೊಡನೆ 270 ಎಂದು ಹೇಳಿದ. ಅಷ್ಟು ಹೊತ್ತು ಕೇಳಲು ಅವನಿಗೆ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ನೋಡದೆ ಮಗ್ಗಿ ಬರೆಸಿದ್ದು ನನ್ನ ತಪ್ಪು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ.

ಹಾಗಾಗಿ ತಲಾ, ವ್ಯತ್ಯಾಸ, ಉಳಿದದ್ದು, ಒಟ್ಟು, ಸಮನಾಗಿ, ಇಂಥ ಪದಗಳನ್ನು ಅವಳ ಜೊತೆ ಕೂತು ಮನೆಮಾತಿಗೆ ತಿರುಗಿಸಿ ನೋಡಿ. ಇಡೀ ಲೆಕ್ಕವನ್ನು ಕೊಡವ ತಕ್ಕ್‌ನಲ್ಲಿ ಅವಳೇ ನಿಮಗೆ ಹೇಳಲಿ. ಹೇಳಲು ಬಂದರೆ ಅರ್ಥವಾಗಿದೆ. ಬರದಿದ್ದರೆ ತೊಡಕು ಗಣಿತಕ್ಕೂ ಮೊದಲೇ ಇದೆ.

ಲೆಕ್ಕದ ಮಧ್ಯೆ ದಾರಿ ಕಾಣದೆ ನಿಂತಾಗ ಏನು ಮಾಡಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. 'ಗೊತ್ತಾಗದಿದ್ದರೆ ಮತ್ತೊಮ್ಮೆ ಜೋರಾಗಿ ಓದು, ಇಲ್ಲ ಚಿತ್ರ ಬಿಡಿಸು, ಇಲ್ಲ ಸಣ್ಣ ಸಂಖ್ಯೆ ಹಾಕಿ ಮಾಡು. ಇವುಗಳಲ್ಲಿ ಯಾವುದನ್ನು ಮಾಡಿದರೂ ಅದು ಲೆಕ್ಕ ಮಾಡಿದಂತೆಯೇ.' ಉತ್ತರ ಬಾರದೆ ಕೂತ ಎರಡು ನಿಮಿಷವೂ ಕೆಲಸವೇ ಎಂದು ಗೊತ್ತಾದರೆ ಮಗುವಿಗೆ ಓಡಿಹೋಗುವ ತುರ್ತು ಕಡಿಮೆಯಾಗುತ್ತದೆ. ಗಡಿಯಾರ ನೋಡಿ ಲೆಕ್ಕ ಮಾಡಿಸುವುದನ್ನು ಕೆಲವು ತಿಂಗಳು ಬಿಟ್ಟುಬಿಡಿ.

ಇನ್ನು ನೀವು, ನಿಮ್ಮ ಯಜಮಾನರು. ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲೆಕ್ಕದ ಭಯ ಇರುವ ತಂದೆತಾಯಿ ಮಕ್ಕಳ ಹೋಂವರ್ಕ್‌ಗೆ ಪದೇ ಪದೇ ಸಹಾಯ ಮಾಡಿದಾಗ ಆ ಮಕ್ಕಳು ವರ್ಷದ ಕೊನೆಗೆ ಕಡಿಮೆ ಕಲಿತಿದ್ದರು, ಅವರಲ್ಲಿ ಭಯವೂ ಜಾಸ್ತಿಯಾಗಿತ್ತು. ಅದೇ ಭಯ ಇದ್ದೂ ಅಷ್ಟಾಗಿ ಸಹಾಯ ಮಾಡದವರ ಮಕ್ಕಳಿಗೆ ಹೀಗಾಗಲಿಲ್ಲ. 2010ರ ಇನ್ನೊಂದು ಅಧ್ಯಯನ 17 ಶಿಕ್ಷಕಿಯರ ತರಗತಿಗಳದ್ದು. ಶಿಕ್ಷಕಿಗೆ ಲೆಕ್ಕದ ಭಯ ಇದ್ದಷ್ಟೂ, ವರ್ಷದ ಕೊನೆಗೆ 'ಗಣಿತ ಹುಡುಗರದ್ದು' ಎಂದು ನಂಬುವ ಹುಡುಗಿಯರು ಜಾಸ್ತಿ ಕಂಡರು, ಆ ಹುಡುಗಿಯರ ಕಲಿಕೆಯೂ ಕುಂದಿತ್ತು. ಹುಡುಗರ ಮೇಲೆ ಆ ಪರಿಣಾಮ ಕಾಣಲಿಲ್ಲ. ಹೆಣ್ಣುಮಕ್ಕಳು ನಮ್ಮನ್ನು, ಅಂದರೆ ಹೆಂಗಸರನ್ನು, ಅಷ್ಟು ಹತ್ತಿರದಿಂದ ನೋಡುತ್ತಿರುತ್ತಾರೆ.

'ನನಗೂ ಲೆಕ್ಕ ಬರ್ತಿರಲಿಲ್ಲ ಬಿಡು' ಎಂದು ನೀವು ಪ್ರೀತಿಯಿಂದಲೇ ಹೇಳುತ್ತಿರಬಹುದು. ಅವಳಿಗೆ ಅದು 'ನಮ್ಮ ಮನೆ ಹೆಂಗಸರಿಗೆ ಇದು ಆಗಿಬರಲ್ಲ' ಎಂದು ಕೇಳಿಸುತ್ತದೆ. ಇನ್ನು ಮೇಲೆ ಹೇಳಿಕೊಡುವ ಕೆಲಸ ನಿಮಗೆ ಬೇಡ. ನೀವು ಕಥೆ ಕೇಳುವವರಾಗಿ. 'ನನಗೆ ಅರ್ಥ ಮಾಡಿಸು' ಎನ್ನಿ. ಅವಳ ಅಪ್ಪ ಕುಯ್ಲಿನ ದಿನಗಳಲ್ಲಿ ದಣಿದು ಬಂದು ರಾತ್ರಿ ಎಂಟಕ್ಕೆ ಪುಸ್ತಕದ ಮುಂದೆ ಕೂರುವುದನ್ನು ನಿಲ್ಲಿಸಲಿ. ಅವರಿಗೆ ಸಿಟ್ಟು ಬರುವುದು ಮಗಳ ಮುಂದಿನ ದಿನಗಳ ಚಿಂತೆಯಿಂದಲೇ ಅಲ್ವಾ? ಆ ಚಿಂತೆಯನ್ನು ಅವಳ ಸ್ಲೇಟಿನ ಮೇಲೆ ಬರೆಯುವುದು ಬೇಡ. ಅವರಿಬ್ಬರ ಲೆಕ್ಕ ಕಣದಲ್ಲೇ ನಡೆಯಲಿ, ಅಲ್ಲಿ ಅದು ಚೆನ್ನಾಗಿದೆ.

ಭಯ ಕಡಿಮೆಯಾಗುತ್ತದಾ ಎಂದು ನೀವು ಕೇಳಬಹುದು. ಆಗುತ್ತದೆ. ಸ್ಟ್ಯಾನ್‌ಫರ್ಡ್‌ನವರೇ 2015ರಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಎಂಟು ವಾರ ಒಬ್ಬರಿಗೆ ಒಬ್ಬರಂತೆ ಕೂತು ಗಣಿತ ಹೇಳಿಕೊಟ್ಟು ನೋಡಿದರು. ಭಯ ಜಾಸ್ತಿ ಇದ್ದ ಮಕ್ಕಳಲ್ಲಿ ಅದು ಇಳಿಯಿತು, ಅಮಿಗ್ಡಲಾದ ಆ ಗದ್ದಲವೂ ಇಳಿಯಿತು. ಅಲ್ಲಿ ಕಲಿಸಿದ್ದು ಗಣಿತವನ್ನೇ. ಭಯ ಹೋಗಲಿ ಎಂದು ಲೆಕ್ಕ ಬಿಟ್ಟು ಕೂತರೆ ಭಯ ಬೆಳೆಯುತ್ತದೆ. ದಿನಕ್ಕೆ ಹದಿನೈದು ನಿಮಿಷ, ಒಂದು ಹೇಳಿಕೆ ಲೆಕ್ಕ, ಐದು ನಿಮಿಷ ಮಗ್ಗಿಯ ಆಟ. ಮಗ್ಗಿ ಬಾಯಿಗೆ ಬಂದಷ್ಟೂ ಸ್ಲೇಟಿನ ಮೇಲೆ ಜಾಗ ಉಳಿಯುತ್ತದೆ. ಜುಲೈ, ಆಗಸ್ಟ್‌ನ ಮಳೆ ರಜೆಯಲ್ಲೂ ಇದನ್ನು ಬಿಡಬೇಡಿ. ನಮ್ಮ ಜಿಲ್ಲೆಯಲ್ಲಿ ರಜೆ ಮುಗಿಸಿ ಬಂದ ಮಕ್ಕಳು ಎಷ್ಟೋ ಸಲ ತಪ್ಪಿಹೋದ ಪಾಠವನ್ನು ತಮ್ಮ ದಡ್ಡತನ ಎಂದುಕೊಳ್ಳುತ್ತಾರೆ.

ಶಾಲೆಗೆ ಹೋಗಿ ಶಿಕ್ಷಕರನ್ನೂ ಭೇಟಿಯಾಗಿ. ದೂರು ಹೇಳುವ ಹಾಗೆ ಬೇಡ. 'ಸ್ವಲ್ಪ ದಿನ ಇವಳನ್ನು ಎಲ್ಲರ ಮುಂದೆ ಬೋರ್ಡಿಗೆ ಕರೆಯಬೇಡಿ, ಹೇಳಿಕೆ ಲೆಕ್ಕ ಬಂದಾಗ ಪಕ್ಕದವಳ ಜೊತೆ ಮಾತಾಡಿ ಮಾಡಲಿ' ಎಂದು ಕೇಳಿ. ಒಬ್ಬರೋ ಇಬ್ಬರೋ ಶಿಕ್ಷಕರು ಎಲ್ಲ ತರಗತಿ ನೋಡಿಕೊಳ್ಳುವ ಶಾಲೆಯಾಗಿದ್ದರೂ ಇಷ್ಟು ಮಾಡಬಹುದು.

ಈ ಭಾನುವಾರ ಒಂದು ಕೆಲಸ ಮಾಡಿ. ಕಣದಲ್ಲಿ ತೂಕ ಮುಗಿದ ಮೇಲೆ ಅವಳೇ ಒಂದು ಹೇಳಿಕೆ ಲೆಕ್ಕ ಕಟ್ಟಿ ಕಾಗದದ ಮೇಲೆ ಬರೆಯಲಿ. ಅವಳ ಅಪ್ಪ ಅದನ್ನು ಅವಳ ಮುಂದೆ ಕೂತು ಬಿಡಿಸಲಿ, ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತ. 'ಇಲ್ಲಿ ಗೊತ್ತಾಗಲಿಲ್ಲ, ಮತ್ತೆ ಓದ್ತೀನಿ' ಎಂದು ಅವರ ಬಾಯಿಂದ ಒಂದು ಸಲವಾದರೂ ಅವಳು ಕೇಳಲಿ. ಮೂರು ವಾರ ಹೀಗೆ ಮಾಡಿ, ಅವಳು ಯಾವ ಹೊತ್ತಿಗೆ ಅಳುತ್ತಾಳೆ, ಯಾವ ಪದದ ಹತ್ತಿರ ನಿಲ್ಲುತ್ತಾಳೆ ಎಂದು ಬರೆದಿಟ್ಟು ನನಗೆ ತಿಳಿಸಿ. ಬರೀ ಅಂಕಿಗಳ ಲೆಕ್ಕದಲ್ಲೂ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದೇ ತಡಕಾಡುತ್ತಿದ್ದರೆ ಆಗ ಬೇರೆ ಪರೀಕ್ಷೆಯ ಬಗ್ಗೆ ಯೋಚಿಸೋಣ. ಕಣದ ಲೆಕ್ಕ ಕೇಳಿದರೆ ನನಗೆ ಹಾಗೆ ಅನ್ನಿಸುವುದಿಲ್ಲ.

ಒಂದು ಮಾತ್ರ ಮೂರು ವಾರ ಕಾಯಬಾರದು. ಪುಸ್ತಕವನ್ನು ಮುಖದ ಹತ್ತಿರ ಹಿಡಿಯುತ್ತಾಳೆ ಎಂದು ಬರೆದಿದ್ದೀರಿ. ಮುಖ ಮುಚ್ಚಿಕೊಳ್ಳಲು ಹಾಗೆ ಮಾಡುತ್ತಿರಬಹುದು, ಅಕ್ಷರ ಕಾಣದೆಯೂ ಮಾಡುತ್ತಿರಬಹುದು. ಬೋರ್ಡಿನ ಮೇಲಿನದ್ದು ಕಾಣುತ್ತದಾ ಎಂದು ಕೇಳಿ. ಈ ವಾರವೇ ಅವಳ ಕಣ್ಣು ಪರೀಕ್ಷೆ ಮಾಡಿಸಿ.